ಅಳಿಸಬೇಕಾದ ಹಗ್ಗ

ಮಹಡಿ ಮೇಲಿನ ಮನೆ,
ಭಾನುವಾರ, ಜೂನ್ ೧೪

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಮೊಣಕಾಲಿನ ಊತ ಇಳಿಯಿತೇ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯೋ ಇಲ್ಲವೋ? ಎಲ್ಲಕ್ಕೂ ಉತ್ತರ ಬರೆಯಬೇಕೆಂದು ಅಮ್ಮನ ಅಪ್ಪಣೆ. ನಿಮ್ಮ ಶೂಟಿಂಗ್ ಜಾಗದಲ್ಲಿ ಫೋನ್ ಸಿಗುವುದಿಲ್ಲವಲ್ಲ, ಅದಕ್ಕೇ ಅಲ್ಲಿಂದ ನಮ್ಮ ಸ್ಟುಡಿಯೋಗೆ ಹಾರ್ಡ್ ಡಿಸ್ಕ್ ತರುವ ಡ್ರೈವರ್ ಕೈಯಲ್ಲಿ ಇದನ್ನು ಕಳಿಸುತ್ತೇನೆ.

ಇಲ್ಲಿ ಎಲ್ಲರೂ ಸೌಖ್ಯ. ಅಮ್ಮನಿಗೆ ಹೊಸ ಕನ್ನಡಕ ಮಾಡಿಸಿಕೊಟ್ಟೆ, ಅದನ್ನು ಜೋಪಾನವಾಗಿ ಪೆಟ್ಟಿಗೆಯಲ್ಲಿಟ್ಟು ಹಳೆಯದನ್ನೇ ಹಾಕಿಕೊಂಡು ಓಡಾಡುತ್ತಾಳೆ. ದಿನಾ ಸಂಜೆ ನಾನು ಚಪ್ಪಲಿ ಬಿಡುವ ಮೊದಲೇ ಅವಳ ಪ್ರಶ್ನೆ: “ಇವತ್ತು ಅವನು ಎಲ್ಲಿಂದ ಹಾರಿದ? ಹಗ್ಗ ಕಟ್ಟಿದ್ರು ತಾನೇ?” ನಾನು “ಹೂಂ ಅಮ್ಮಾ, ಆ ಹಗ್ಗ ಅಳಿಸೋಳೇ ನಾನು, ಕಣ್ಣಾರೆ ನೋಡಿದೀನಿ” ಎನ್ನುತ್ತೇನೆ. ಆಮೇಲೆ ನಿಶ್ಚಿಂತೆಯಿಂದ ಟೀವಿ ಮುಂದೆ ಕೂರುತ್ತಾಳೆ. ಹೀರೋ ಬದಲು ಹಾರುವ ನಿನ್ನ ಮೈಗೆ ಕಂಪ್ಯೂಟರಿನಲ್ಲಿ ಅವನ ಮುಖ ಅಂಟಿಸುತ್ತೇವಲ್ಲ, ಅದನ್ನು ಮಾತ್ರ ಅವಳಿನ್ನೂ ಕ್ಷಮಿಸಿಲ್ಲ. ಹೋದ ಸಿನಿಮಾದಲ್ಲಿ ಅಕ್ಕಪಕ್ಕದ ಸೀಟಿನವರಿಗೆಲ್ಲ “ಅದು ನನ್ನ ಮಗ, ತಲೆ ಮಾತ್ರ ಬೇರೆಯವರದು” ಎಂದು ಹೇಳಿ ನನ್ನ ಮಾನ ಕಳೆದಳು.

ಕೆಲಸದಲ್ಲಿ ಒಂದು ಎಡವಟ್ಟು ಮಾಡಿಕೊಂಡೆ. ಸೇತುವೆಯಿಂದ ನೀನು ಜಿಗಿದ ದೃಶ್ಯ ನನ್ನ ಪಾಲಿಗೆ ಬಂದಿತ್ತು. ಒಂದೊಂದೇ ಫ್ರೇಮಿನಲ್ಲಿ ಹಗ್ಗ ಅಳಿಸಿ, ಅದರ ಹಿಂದೆ ಮರೆಯಾಗಿದ್ದ ಕಲ್ಲುಗೋಡೆ, ಆಕಾಶ ಎಲ್ಲವನ್ನೂ ಮತ್ತೆ ತುಂಬಬೇಕು. ಮೇಲಿನಿಂದ ಅಳಿಸುತ್ತಾ ಬಂದೆ. ನಿನ್ನ ಸೊಂಟದ ಕೊಕ್ಕೆಯ ಹತ್ತಿರ ಬಂದಾಗ ಕೈ ನಿಂತಿತು. ಆ ಕೊನೆಯ ತುಂಡನ್ನೂ ತೆಗೆದರೆ ನಿನ್ನನ್ನು ಹಿಡಿದುಕೊಳ್ಳುವವರು ಯಾರೂ ಇಲ್ಲವೆನಿಸಿತು. ನಗಬೇಡ, ಹಾಗೆ ಅನಿಸಿದ್ದು ನಿಜ. ಆಮೇಲೆ ಮಾಡೋಣವೆಂದು ಬಿಟ್ಟವಳು ಮರೆತು ಹಾಗೇ ಕಳಿಸಿಬಿಟ್ಟೆ. ನಮ್ಮ ಮೇಲ್ವಿಚಾರಕರು, ಅದೇ ನಾವು ಭೂತಗನ್ನಡಿ ಎನ್ನುತ್ತೇವಲ್ಲ ಅವರು, ಎಲ್ಲರೆದುರು ದೊಡ್ಡ ಪರದೆಯ ಮೇಲೆ ಹಾಕಿ ನಿಲ್ಲಿಸಿ, “ಏನಮ್ಮಾ, ಹೀರೋಗೆ ಬಾಲ ಬಂದಿದೆಯಲ್ಲಾ?” ಎಂದರು. ಇಡೀ ಕೋಣೆ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಆದರೆ ಬೈಯಲಿಲ್ಲ. ಅದೇ ವಾರ ಕರೆದು, ಕಂಪ್ಯೂಟರಿನಲ್ಲೇ ನೀರು-ಬೆಂಕಿ ಮಾಡುವವರ ತಂಡಕ್ಕೆ ಬರುತ್ತೀಯಾ ಎಂದು ಕೇಳಿದರು. ಇಷ್ಟು ವರ್ಷ ಇದ್ದದ್ದನ್ನು ಇಲ್ಲವಾಗಿಸಿದ್ದಾಯಿತು, ಇನ್ನು ಇಲ್ಲದ್ದನ್ನು ಮಾಡುವ ಕೆಲಸ. ಒಂದು ಅಲೆ, ಒಂದು ಕಿಡಿಯಾದರೂ ನನ್ನದು ಎಂದು ಹೇಳಿಕೊಳ್ಳಬಹುದು. ನನಗಂತೂ ಖುಷಿಯೋ ಖುಷಿ. ನೀನು ಹೊರಡುವಾಗ ನನ್ನ ಕೆಂಪು ಕಣ್ಣು ನೋಡಿ, “ಮುಂದಿನ ಸಲ ನಿನ್ನ ಕೆಲಸ ಹಗುರ ಮಾಡ್ತೀನಿ ಕಣೇ ರಬ್ಬರು” ಎಂದು ಚುಡಾಯಿಸಿದ್ದೆಯಲ್ಲ, ಇನ್ನು ನಿನಗೆ ಆ ಕಷ್ಟವಿಲ್ಲ. ನಾಳೆ ಹೋಗಿ ಒಪ್ಪಿಗೆ ಹೇಳುತ್ತೇನೆ.

ಅಮ್ಮ ಹೆಣೆದ ಮೊಣಕಾಲು ಪಟ್ಟಿ ಇದರ ಜೊತೆಗಿದೆ. ಬಣ್ಣ ನೋಡಿ ಹೆದರಬೇಡ, ಪ್ಯಾಂಟಿನೊಳಗೆ ಯಾರಿಗೂ ಕಾಣುವುದಿಲ್ಲ. ಅವಳ ಆಶೀರ್ವಾದವೆಲ್ಲ ಅದರಲ್ಲೇ ಇದೆಯಂತೆ.

ನಿನ್ನ ತಂಗಿ,
ರಬ್ಬರು

ಸೋಮವಾರ ಬೆಳಿಗ್ಗೆ, ಸ್ಟುಡಿಯೋದಿಂದ: ಲಕೋಟೆ ಅಂಟಿಸದೆ ತಂದಿದ್ದು ಒಳ್ಳೆಯದಾಯಿತು. ಕೆಳಗೆ ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ. ಅವನು ತಂದ ಡಿಸ್ಕ್ ಈಗ ತಾನೇ ತೆರೆದೆ. ಗಡಿಯಾರದ ಗೋಪುರದಿಂದ ನೀನು ಹಾರಿದ್ದು. ಹಗ್ಗ ಹುಡುಕಿದೆ. ದೊಡ್ಡದು ಮಾಡಿ, ಬೆಳಕು ಹೆಚ್ಚಿಸಿ ಹುಡುಕಿದೆ. ಹಗ್ಗವಿಲ್ಲ ಅಣ್ಣಾ, ಕೊಕ್ಕೆಯೂ ಇಲ್ಲ. ಕೊನೆಯಲ್ಲಿ ನೀನು ಎದ್ದು ಕೈಬೀಸಿದ್ದು ಕಂಡಿದ್ದರಿಂದ ಇಷ್ಟಾದರೂ ಬರೆಯುತ್ತಿದ್ದೇನೆ. ಕೆಲಸ ಹಗುರ ಮಾಡುವುದೆಂದರೆ ಇದೇನಾ? ನೀರೂ ಬೇಡ, ಬೆಂಕಿಯೂ ಬೇಡ, ಹಗ್ಗದಲ್ಲೇ ಇರುತ್ತೇನೆ ಎಂದು ಭೂತಗನ್ನಡಿಗೆ ಹೇಳಿಬಂದೆ. ಎಷ್ಟು ದಪ್ಪದ್ದಾದರೂ ಕಟ್ಟಿಕೋ, ಹೀರೋಗೆ ಬಾಲ ಬಂದರೂ ಬರಲಿ, ಅಳಿಸಲು ನಾನಿದ್ದೇನೆ. ಇವತ್ತು ಸಂಜೆ ಹಗ್ಗ ಕಟ್ಟಿದ್ರಾ ಎಂದು ಅಮ್ಮ ಕೇಳಿದಾಗ ಹೂಂ ಎನ್ನುತ್ತೇನೆ. ಇನ್ನೊಂದು ಸಲ ಎನ್ನಲಾರೆ.