ಇವತ್ತ ಮಾಳಿಗಿ ಮ್ಯಾಲ ಸುಡು

ಕಿಶೋರ,

ಹುಕ್ಕೇರಿ ಬಸ್ಸಿಗೆ ಹೊಂಟೇನಿ, ಡ್ಯೂಟಿ ಐತಿ. ಎಬ್ಬಿಸಿ ಹೇಳಿದ್ರ ಹೂಂ ಅಂದು ಮತ್ತ ಮಲಗತಿ, ಅದಕ್ಕ ಬರದಿಟ್ಟೇನಿ.

ಎಮ್ಮಿ ಖೀಮಾಕ್ಕ ಬಳ್ಳೊಳ್ಳಿ, ಮಸಾಲಿ ಖಾರ, ಕೊತಂಬರಿ ಕಲಿಸಿ ಫ್ರಿಜ್ಜಿನ್ಯಾಗ ಇಟ್ಟೇನಿ. ಉಪ್ಪು ಹಾಕಿಲ್ಲ, ಬರ್ಗರ್ ತಟ್ಟಿ ಸುಡೂ ಮುಂದ ಹಾಕು. ಇದ್ದಲಿ ಬೂದಿ ಬಣ್ಣಕ್ಕ ಬರೂತನಕ ತಡಿ. ಘಳಿಗಿಗೊಮ್ಮಿ ಹೊಳ್ಳಸಬ್ಯಾಡ. ಒಳಗ ಕೆಂಪ ಉಳಿಬಾರದು.

ಗ್ರಿಲ್ ಮಾಳಿಗಿ ಮ್ಯಾಲ ಒಯ್ದಿಟ್ಟೇನಿ, ಅಲ್ಲೇ ಸುಡು. ಹೋದ ಐತವಾರ ಓಣಿಗೆ ವಾಸನಿ ಹೋಗಬಾರದಂತ ಅವ್ವ ಕಿಡಕಿ, ಬಾಗಲಾ ಎಲ್ಲಾ ಮುಚ್ಚಿದಳು, ಶಾಣ್ಯಾ ನೀ ಅಡಗಿಮನ್ಯಾಗ ಇದ್ದಲಿ ಹಚ್ಚಿದಿ. ಅಕಿ ತಲಿ ತಿರುಗಿ ಬಿದ್ದದ್ದು ಇನ್ನೂ ಕಣ್ಣ ಮುಂದಿಂದ ಹೋಗವಲ್ದು. ಇದ್ದಲಿ ಹಚ್ಚಿದ ಕೂಡಲೆ ಫೋಟೋ ಕಳಸು. ಮರೀಬ್ಯಾಡ.

ಬಾಜೂ ಮನಿ ಶೈಲಾ ವೈನಿಗೆ ನಾನ ಹೇಳೇನಿ, ಇವತ್ತ ನಮ್ಮ ಮಾಳಿಗಿ ಮ್ಯಾಲ ಎಮ್ಮಿ ಖಂಡ ಸುಡತೇವಿ ಅಂತ. "ಹಂಗಾದ್ರ ಹಪ್ಪಳ ನಾಳೆ ಒಣಾ ಹಾಕತೇನಿ" ಅಂದ್ರು. ಅಷ್ಟ.

ಅವ್ವ ಇವತ್ತೂ ಹೊಗಿ ಮರಿ ಮಾಡಾಕ ಚಾದರ ಹಿಡಕೊಂಡು ಮ್ಯಾಲ ಬರತಾಳ, ನೋಡಕೋತಿರು. ಚಾದರ ಕಸಗೊಂಡು ಕೈಯಾಗ ಬೀಸಣಿಗಿ ಕೊಡು. ನಲವತ್ತ ವರ್ಷ ಹೊಗಿ ಮುಚ್ಚಿಟ್ಟಾಳ. ಇವತ್ತ ಬೀಸಲಿ.

ಸಪ್ನಾ ಅಕ್ಕ