ಸಾಸಿವೆ ಗಾತ್ರದ ಚುಕ್ಕಿ

ಬುಧವಾರ, ಮಧ್ಯಾಹ್ನ
ಕಚೇರಿಯ ಕ್ಯಾಂಟೀನು, ಮೂಲೆಯ ಮೇಜು

ಅಕ್ಕಾ,

ಸೋಮವಾರ ವಿಚಾರಣೆಯಲ್ಲಿ ತಪ್ಪೊಪ್ಪಿಗೆಗೆ ಸಹಿ ಹಾಕಿಬಿಡ್ತೀನಿ, ಪೀಡೆ ಕಳೀಲಿ ಅಂತ ನಿನ್ನೆ ಫೋನಿನಲ್ಲಿ ಅಂದೆಯಲ್ಲ, ಹಾಕಬೇಡ. ಆ ತಪ್ಪು ನಿನ್ನದಲ್ಲ. ಯಾರದೆಂದು ನನಗೆ ಗೊತ್ತಿದೆ. ನಿನ್ನೆ ಹೇಳಲು ನಾಲಿಗೆ ಏಳಲಿಲ್ಲ, ಅದಕ್ಕೇ ಈ ಕಾಗದ.

ಇದನ್ನು ನಿನ್ನ ಪರ ನಿಂತಿರುವ ಕಾರ್ಮಿಕ ಸಂಘದವರೂ ಓದಲಿ. ಅವರಿಗೆ ಸಂಕಲನದ ಕಸುಬು ಗೊತ್ತಿಲ್ಲ, ಹಾಗಾಗಿ ಬಿಡಿಸಿಯೇ ಬರೆಯುತ್ತೇನೆ. ನೀನು ಸಂಕಲನ ಮಾಡಿದ ಸಾಕ್ಷ್ಯಚಿತ್ರದಲ್ಲಿ, ಬೆಂಕಿ ಬಿದ್ದ ದಿನ ಬಟ್ಟೆ ಕಾರ್ಖಾನೆಯ ಬಾಗಿಲಿಗೆ ಹೊರಗಿನಿಂದ ಬೀಗ ಜಡಿದಿತ್ತೆಂದು ಆ ಹೊಲಿಗೆಯ ಹೆಂಗಸು ಕ್ಯಾಮೆರಾ ಮುಂದೆ ಹೇಳಿದಳು. ಮುಖ ತೋರಿಸುವುದಿಲ್ಲವೆಂದು ನೀನು ಮಾತು ಕೊಟ್ಟಿದ್ದೆ. ಅವಳ ಮುಖಕ್ಕೆ ನೀನೇ ಮಸುಕು ಹೊದಿಸಿ, ಅವಳು ತಲೆ ತಿರುಗಿಸಿದಲ್ಲೆಲ್ಲ ಆ ಮಸುಕು ಎಲ್ಲಿರಬೇಕೆಂದು ಪರದೆಯ ಕೆಳಗಿನ ಪಟ್ಟಿಯಲ್ಲಿ ಒಂದೊಂದು ಚುಕ್ಕಿ ಇಟ್ಟೆ. ಆ ಚುಕ್ಕಿಗೇ ಕೀಫ್ರೇಮ್ ಅನ್ನುವುದು. ಎರಡು ಚುಕ್ಕಿಗಳ ನಡುವಿನ ದಾರಿಯನ್ನು ಯಂತ್ರ ತಾನೇ ತುಂಬಿಕೊಳ್ಳುತ್ತದೆ. ಚುಕ್ಕಿ ಜರುಗಿದರೆ ಮಸುಕೂ ಜರುಗುತ್ತದೆ.

ಇಡೀ ಚಿತ್ರವನ್ನು ನೀನು ಎರಡು ಸಲ ನೋಡಿ ಮುಗಿಸಿದ್ದೆ. ಆಮೇಲೆ ಒಂದೇ ಒಂದು ಚುಕ್ಕಿಯನ್ನು ಕೂದಲೆಳೆಯಷ್ಟು ಸರಿಸಿದೆ. ಪಕ್ಕದ್ದೂ ಸದ್ದಿಲ್ಲದೆ ಅದರ ಜೊತೆ ಬಂತು. ಮುಕ್ಕಾಲು ಸೆಕೆಂಡು ಅವಳ ಮುಖ ಬಯಲಾಯಿತು. ಚಿತ್ರ ಹೊರಬಂದ ಮೇಲೆ ಕಾರ್ಖಾನೆಯ ಮೇಸ್ತ್ರಿ ಅಲ್ಲಿಗೇ ನಿಲ್ಲಿಸಿ ನೋಡಿದ. ಮರುದಿನ ಅವಳನ್ನು ಗೇಟಿನಲ್ಲೇ ತಡೆದರು. ನೀನು ಅವಳ ಮನೆಗೆ ಹೋದಾಗ, ನಿನ್ನ ನಂಬಿ ಕೆಟ್ಟೆ ಕಣಮ್ಮ ಅಂದು ಬಾಗಿಲು ಹಾಕಿಕೊಂಡಳಂತೆ. ಅವತ್ತಿನಿಂದ ನೀನು ಸರಿಯಾಗಿ ಉಂಡಿಲ್ಲವೆಂದು ಭಾವ ಹೇಳಿದರು.

ನಮ್ಮ ಕಂಪನಿಯ ಸಂಕಲನ ಸಾಫ್ಟ್‌ವೇರಿನಲ್ಲಿ ಆ ಪಟ್ಟಿಯನ್ನು ವಿನ್ಯಾಸ ಮಾಡಿದವಳು ನಾನು, ಅದು ನಿನಗೂ ಗೊತ್ತು. ಗೊತ್ತಿಲ್ಲದ್ದು ಕೇಳು. ಮೊದಲು ನಾನು ಬಿಡಿಸಿದ ಚುಕ್ಕಿ ಮೆಣಸಿನ ಕಾಳಿನಷ್ಟಿತ್ತು. ಇದೇನಮ್ಮ, ಪರದೆಗೆ ಸಿಡುಬು ಎದ್ದ ಹಾಗಿದೆ ಅಂದ ನಮ್ಮ ಮುಖ್ಯಸ್ಥ. ಎಲ್ಲರೂ ನಕ್ಕರು. ನಾನೂ ನಕ್ಕೆ. ಸಂಜೆಗೆ ಅದನ್ನು ಸಾಸಿವೆಯಷ್ಟು ಮಾಡಿದೆ. ಚಂದ ಕಂಡಿತು. ಒತ್ತಾಗಿ ಬಿದ್ದ ಚುಕ್ಕಿಗಳು ಒಂದರ ಮೇಲೊಂದು ಕೂತು ಒಂದೇ ಚುಕ್ಕಿಯಂತೆ ಕಾಣತೊಡಗಿದವು. ಒಂದನ್ನು ಹಿಡಿದರೆ ಎರಡು ಬರುತ್ತಿದ್ದವು.

ಪರೀಕ್ಷೆಗೆ ಏಳು ಜನ ಸಂಕಲನಕಾರರನ್ನು ಕರೆಸಿದೆವು. ನಾಲ್ಕನೆಯವಳು ನೀನು. ಕನ್ನಡಕ ಏರಿಸಿ ಕೂತವಳೇ, ಲೇ ಮೊಂಡಿ, ಇದೇನು ಚುಕ್ಕಿನೋ ನೊಣದ ಹಿಕ್ಕೆನೋ, ದೊಡ್ಡದು ಮಾಡೇ ಅಂದೆ. ಏಳರಲ್ಲಿ ಐದು ಜನ ಗೊತ್ತಿಲ್ಲದೆಯೇ ಎರಡೆರಡು ಚುಕ್ಕಿ ಎಳೆದರು. ಅದನ್ನೆಲ್ಲ ವರದಿಯ ಆರನೆಯ ಪುಟದಲ್ಲಿ ನಾನೇ ಬರೆದೆ. ಬಿಡುಗಡೆಗೆ ಹನ್ನೊಂದು ದಿನ ಉಳಿದಿತ್ತು. ಚುಕ್ಕಿ ಮುಟ್ಟಬೇಡ, ಬೇಕಾದ್ರೆ ಐದೂ ಜನರ ಕಣ್ಣು ಪರೀಕ್ಷೆ ಮಾಡಿಸು ಅಂದ ಮುಖ್ಯಸ್ಥ. ಆರನೆಯ ಪುಟ ವರದಿಯಿಂದ ಹೋಯಿತು. ಆ ವರ್ಷ ನಮಗೆಲ್ಲ ಬಡ್ತಿ ಬಂತು. ಚುಕ್ಕಿ ಚಿಕ್ಕದು ಮಾಡಿದವರಿಗೆ ದೊಡ್ಡ ಕುರ್ಚಿ, ಅದನ್ನು ಹಿಡಿಯಲು ಹೆಣಗಿದವಳಿಗೆ ತಪ್ಪೊಪ್ಪಿಗೆ, ಮುಖ ಬಯಲಾದವಳಿಗೆ ಬೀದಿ. ಇದಕ್ಕೆ ಇವರು ಕೈತಪ್ಪು ಅಂತ ಹೆಸರಿಟ್ಟಿದ್ದಾರೆ. ಇವರ ಬಾಯಿಗೆ ಮಣ್ಣು ಹಾಕ!

ನಿನ್ನ ಸ್ಟುಡಿಯೋ ಮಾಲೀಕ ನಮಗೆ ದೂರು ಬರೆದಾಗ ನಮ್ಮ ಕಂಪನಿ ಆ ವರದಿಯದೇ ಒಂದು ವಾಕ್ಯ ಕಿತ್ತು ಕಳಿಸಿತು. ನಾಲ್ಕನೆಯವರಿಗೆ ವಯಸ್ಸಾಗಿದೆ, ಕೈ ಸ್ಥಿರವಿಲ್ಲ, ವಿನ್ಯಾಸ ಬದಲಿಸುವ ಅಗತ್ಯ ಕಾಣುವುದಿಲ್ಲ ಎಂದು. ಮಾಲೀಕ ಅದನ್ನು ಎಲ್ಲರೆದುರು ಗಟ್ಟಿಯಾಗಿ ಓದಿದನಂತೆ. ಇಪ್ಪತ್ತೆರಡು ವರ್ಷ ದುಡಿದ ಕೈಯನ್ನು ನೀನು ಮೇಜಿನ ಕೆಳಗೆ ಬಚ್ಚಿಟ್ಟುಕೊಂಡೆಯಂತೆ. ಯಾರೇ ಅದನ್ನ ಬರೆದೋರು ಅಂತ ಫೋನಿನಲ್ಲಿ ನೀನು ಮೂರು ಸಲ ಕೇಳಿದೆ. ಆಫೀಸಲ್ಲಿ ಯಾರೋ ಅಂದೆ ನಾನು.

ಆರನೆಯ ಪುಟವನ್ನು ನಾನು ಎಸೆದಿರಲಿಲ್ಲ. ಇದರ ಜೊತೆ ಇಟ್ಟಿದ್ದೇನೆ. ಸೋಮವಾರ ಸಹಿ ಕೇಳಿದರೆ ಈ ಹಾಳೆಯನ್ನು ಅವರ ಮುಂದಿಡು. ಆ ಹೊಲಿಗೆಯ ಹೆಂಗಸಿಗೂ ಒಂದು ಪ್ರತಿ ಕೊಡು. ಬಾಗಿಲು ತೆರೆಯದಿದ್ದರೆ ಕೆಳಗಿನಿಂದ ತೂರಿಸು. ನನ್ನ ಕೆಲಸ ಹೋದರೆ ಹೋಗಲಿ.

ನಿನ್ನ ತಂಗಿ,
ಮೊಂಡಿ

ಮರೆತದ್ದು: ಮರೆತಿರಲಿಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಹಾಳೆಯ ಮುಂಬದಿಯ ನಕಲು ಮಾತ್ರ ಕಳಿಸೋಣವೆಂದು ಎರಡು ಸಲ ಜೆರಾಕ್ಸ್ ಯಂತ್ರದ ಹತ್ತಿರ ಹೋಗಿ ಬಂದೆ. ಕೊನೆಗೆ ಮೂಲವನ್ನೇ ಲಕೋಟೆಗೆ ಹಾಕಿದ್ದೇನೆ. ಹಿಂಬದಿ ತಿರುಗಿಸಿ ನೋಡು. ಪುಟ ತೆಗೆದ ಮೇಲೆ ವರದಿಯಲ್ಲಿ ಆ ಜಾಗಕ್ಕೆ ಏನಾದರೂ ಬರೆಯಬೇಕಿತ್ತು, ಅದರ ಕರಡು ಅಲ್ಲಿದೆ. ಅವತ್ತು ನೀನು ಎಲ್ಲರೆದುರು ನನ್ನನ್ನು ಲೇ ಮೊಂಡಿ ಅಂದಿದ್ದೆ, ಮುಖ್ಯಸ್ಥ ವಾರವಿಡೀ ಅದೇ ಹೆಸರು ಹಿಡಿದು ಆಡಿಕೊಂಡಿದ್ದ. ಆ ಸಿಟ್ಟು ಇನ್ನೂ ಆರಿರಲಿಲ್ಲ. ವಯಸ್ಸಾಗಿದೆ, ಕೈ ಸ್ಥಿರವಿಲ್ಲ ಎಂದು ಅಲ್ಲಿ ಪೆನ್ಸಿಲಿನಲ್ಲಿ ಬರೆದಿದೆ. ಅಕ್ಷರ ಯಾರದೆಂದು ನಿನಗೆ ಹೇಳಬೇಕಾಗಿಲ್ಲ. ನನ್ನ ಕೈ ಹಿಡಿದು ತಿದ್ದಿಸಿದವಳು ನೀನೇ.