ಚಲುವಯ್ಯನ ಶನಿವಾರ

ಶನಿವಾರ, ರಾತ್ರಿ.

ನಿದ್ದೆ ಹತ್ತುತ್ತಿಲ್ಲ. ಪಕ್ಕದ ಮಂಚದಲ್ಲಿ ಕೈಲಾಂಚದ ಚಲುವಯ್ಯ ನೆಮ್ಮದಿಯಾಗಿ ಮಲಗಿದ್ದಾನೆ. ಲಕ್ವ ಹೊಡೆದು ಮಾತು ಹೋದರೂ ಶನಿವಾರ ಮೊಟ್ಟೆ, ಮಾಂಸ ಮುಟ್ಟದವನು. ಕೆಂಗಲ್ ಆಂಜನೇಯನಿಗೆ ನಡೆದುಕೊಳ್ಳುವವನು. ಈ ವೃದ್ಧಾಶ್ರಮದಲ್ಲೋ, ಹಾಸಿಗೆ ಹಿಡಿದವರಿಗೆಲ್ಲ ದಿನವೂ ಮೊಟ್ಟೆ ಕಿವುಚಿದ ಅನ್ನ. ಹೋದ ಶನಿವಾರ ಅವನು ಹಲ್ಲು ಕಚ್ಚಿಕೊಂಡು ಬಾಯಿ ಬಿಡಲಿಲ್ಲ. ಇನ್ನೊಮ್ಮೆ ಊಟ ಬಿಟ್ಟರೆ ಮೂಗಿಗೆ ಪೈಪು ಹಾಕುತ್ತೇವೆ ಎಂದರು ಡಾಕ್ಟರು.

ಇವನೊಬ್ಬನಿಗೆ ವಾರಕ್ಕೊಮ್ಮೆ ಬರೀ ಮೊಸರನ್ನ ಕೊಡಿ ಎಂದು ಎಲ್ಲರ ಬಳಿ ಗೋಗರೆದೆ. ಊಟ ತಿನ್ನಿಸುವ ಲತಾಮಣಿ, "ಒಬ್ಬೊಬ್ರಿಗೆ ಒಂದೊಂದು ಅಡ್ಗೆ ಅಂದ್ರೆ ಎಲ್ಲಾಯ್ತದೆ ತಾತ? ನಂಗೂ ಮೇಲಿನೋರು ಅವ್ರೆ" ಎಂದಳು.

ದಿನಾ ಬೆಳಿಗ್ಗೆ ಅವನು ನನ್ನತ್ತ ಹುಬ್ಬೇರಿಸುತ್ತಾನೆ. ಯಾವ ವಾರ ಎಂದು ಅರ್ಥ. ಇವತ್ತು, "ಭಾನುವಾರ ಕಣಪ್ಪ" ಎಂದುಬಿಟ್ಟೆ. ನಿನ್ನೆ ಶುಕ್ರವಾರ ಎಂದಿದ್ದೆನಲ್ಲ, ಅನುಮಾನದಿಂದ ನನ್ನನ್ನೇ ನೋಡಿದ. ಆದರೂ ಮಧ್ಯಾಹ್ನ ನನ್ನ ಮಾತನ್ನೇ ನಂಬಿಕೊಂಡು ಬಾಯಿ ತೆರೆದ, ಕೊನೆಯ ತುತ್ತಿನವರೆಗೂ ತಿಂದ. ನಾನು ನನ್ನ ತಟ್ಟೆಯನ್ನು ಹಾಗೇ ವಾಪಸು ಕೊಟ್ಟೆ.

ನಾಳೆ ಮತ್ತೆ ಹುಬ್ಬೇರಿಸುತ್ತಾನೆ. ಸೋಮವಾರ ಎನ್ನಬೇಕು. ಹೀಗೇ ಹೋದರೆ ಬರುವ ಶುಕ್ರವಾರವೇ ಅವನಿಗೆ ಶನಿವಾರ. ಅವತ್ತು ಬಾಯಿ ಮುಚ್ಚುತ್ತಾನೆ. ಅವತ್ತು ನಾನು ಮತ್ತೆ ಭಾನುವಾರ ಎಂದರೆ, ಅವನಿಗಿನ್ನು ಶನಿವಾರವೇ ಇಲ್ಲ.